ಗಂಡು ಬಿಡೋ ಮೊದಲು ಗೂಡೊಳಗೆ ನೋಡಿ

ನಮ್ಮ ಲ್ಯಾಬಿನ ಜೇಡಗಳ ಎಕ್ಸೆಲ್ ಶೀಟಿನಲ್ಲಿ ಬೇಕಾದಷ್ಟು ಕಾಲಂ ಇವೆ. ತೂಕ, ಪೊರೆ ಬಿಟ್ಟ ದಿನ, ತಿಂದ ಹುಳು, ಎಲ್ಲಾ. ಮೊಟ್ಟೆ ಇಟ್ಟಿದೆಯಾ ಅಂತ ಬರೆಯೋಕೆ ಮಾತ್ರ ಜಾಗ ಇಲ್ಲ.

ನಾವು ಸಾಕುವುದು ಇಸ್ರೇಲಿನ ನೆಗೆವ್ ಮರುಭೂಮಿಯ ವೆಲ್ವೆಟ್ ಜೇಡ, ಸ್ಟೆಗೊಡೈಫಸ್ ಲಿನಿಯೇಟಸ್. ಆಂಧ್ರದ ಕುಪ್ಪಂ ಕಡೆ ಗಿಡಗಳ ಮೇಲೆ ಗುಂಪಾಗಿ ಗೂಡು ಕಟ್ಟುವ ಜೇಡದ ಹತ್ತಿರದ ಸಂಬಂಧಿ, ಆದರೆ ಇದು ಒಂಟಿ. ಸಾಕೋದು ಸುಲಭ. ಒಣ ಡಬ್ಬಿ, ಒಂದು ಕಡ್ಡಿ, ಆಗಾಗ ಕ್ರಿಕೆಟ್ ಹುಳು. ನೀರು ಜಾಸ್ತಿ ಚಿಮುಕಿಸಿದರೆ ಬೂಷ್ಟು ಬರುತ್ತದೆ, ಅಷ್ಟೇ.

ಆ ದಿನ ಬಾಸ್, ಉಳಿದ ಹೆಣ್ಣುಗಳಿಗೆಲ್ಲ ಸಂಜೆಯೊಳಗೆ ಗಂಡು ಬಿಟ್ಟುಬಿಡಿ ಅಂದರು. ಒಂದು ಹೆಣ್ಣು ಊಟ ಬಿಟ್ಟಿತ್ತು. ಗೂಡಿಗೆಲ್ಲ ತಿಂದ ಹುಳದ ರೆಕ್ಕೆ, ಕಾಲು ಮೆತ್ತಿಕೊಂಡಿದ್ದರಿಂದ ಒಳಗೆ ಏನೂ ಕಾಣುತ್ತಿರಲಿಲ್ಲ. ಶೀಟಿನಲ್ಲಿ 'ಜೋಡಿ ಆಗಿಲ್ಲ' ಅಂತಿತ್ತು. ಮರುಭೂಮಿಯಿಂದ ಹಿಡಿದು ತಂದ ಜೇಡ, ಅಲ್ಲೇ ಜೋಡಿ ಆಗಿರಬಹುದಲ್ವಾ? ಯಾರಿಗೂ ಹೊಳೆಯಲಿಲ್ಲ, ನನಗೂ.

ಗಂಡನ್ನು ಬಿಟ್ಟೆ. ಅದು ಗೂಡಿನ ಬಾಯಲ್ಲಿ ನಿಂತು ಬಲೆ ಅಲುಗಾಡಿಸಿತು. ಹೆಣ್ಣು ಬಂದು ಬಾಗಿಲಿಗೆ ಅಡ್ಡ ನಿಂತು ಮುಂಗಾಲು ಎತ್ತಿತು. ಸಂಸಾರ ಶುರುವಾಯ್ತು ಅಂತ ಖುಷಿಯಲ್ಲಿ ಫೋನ್ ತೆಗೆದು ವಿಡಿಯೋ ಮಾಡುತ್ತಾ ಕೂತೆ. ತಳ್ಳಾಟ ನಿಲ್ಲಲೇ ಇಲ್ಲ. ಗಂಡು ಹೇಗೋ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಬೆಳ್ಳಗೆ ಚಪ್ಪಟೆಯಾದ್ದೊಂದನ್ನು ಎಳೆದು ತಂದು ಬಲೆಯಿಂದ ಕೆಳಗೆ ಬೀಳಿಸಿತು. ಮೊಟ್ಟೆಚೀಲ! ಬ್ರಷ್ ಹಿಡಿದು ಓಡಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ವಿಡಿಯೋ ಮಾತ್ರ ಚೆನ್ನಾಗಿ ಬಂದಿದೆ.

ಗಂಡಿನ ಲೆಕ್ಕ ಸರಿಯಾಗೇ ಇದೆ. ಈ ಹೆಣ್ಣಿಗೆ ಬದುಕಿನಲ್ಲಿ ಒಂದೇ ಬಾಣಂತನ. ಮರಿಗಳಿಗೆ ತನ್ನ ಹೊಟ್ಟೆಯಿಂದಲೇ ಕಕ್ಕಿ ಉಣಿಸುತ್ತದೆ, ಕೊನೆಗೆ ಮರಿಗಳು ತಾಯಿಯನ್ನೇ ತಿಂದು ಮುಗಿಸುತ್ತವೆ. ಅದರ ಮೈತೂಕದ ಸುಮಾರು 95 ಶೇಕಡ ಹೀಗೇ ಮರಿಗಳ ಪಾಲು. ಬೇರೆಯವನ ಮೊಟ್ಟೆ ಉಳಿದರೆ ಇವನಿಗೆ ಏನೂ ದಕ್ಕುವುದಿಲ್ಲ. ಆ ಚೀಲ ಕಳೆದುಕೊಂಡರೆ ಅವಳು ಇವನ ಜೊತೆ ಕೂಡಿ ಮತ್ತೆ ಇಡಬಹುದು. ಇಟ್ಟಳು ಕೂಡ, ಆದರೆ ಚೀಲ ಚಿಕ್ಕದು.

ಈಗ ಗಂಡು ಬಿಡೋ ಮೊದಲು ಗೂಡಿನ ಬಾಯಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಊಟ ಬಿಟ್ಟ ಹೆಣ್ಣಿನ ತಂಟೆಗೆ ಹೋಗುವುದಿಲ್ಲ. ಮೊಟ್ಟೆ ಇದ್ದ ಡಬ್ಬಿಗೆ ಕೆಂಪು ಟೇಪ್. ಶೀಟಿಗೆ ಒಂದು ಕಾಲಂ ಹಾಕಿಸಿ ಅಂತ ಬಾಸ್‌ಗೆ ಕೇಳಿದೆ. ಫಾರ್ಮುಲಾ ಕೆಡುತ್ತಂತೆ, ಮುಂದಿನ ಸೀಸನ್‌ಗೆ ನೋಡೋಣ ಅಂದರು.