ಬಳೆ ಕೇಳದ ಗಾಂಧಿ

ನಮ್ಮ ಅಜ್ಜಿ ಗಾಂಧಿಯನ್ನು ಕಣ್ಣಾರೆ ಕಂಡವರು. 1934ರಲ್ಲಿ ಹರಿಜನ ನಿಧಿಗೆ ದುಡ್ಡು ಕೂಡಿಸುತ್ತಾ ಊರೂರು ಸುತ್ತುತ್ತಿದ್ದ ಗಾಂಧಿ ಉಡುಪಿಗೂ ಬಂದಿದ್ದರು. ಆಗ ಅಜ್ಜಿಗೆ ಒಂಬತ್ತು ವರ್ಷ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಕೂತು ಕೇಳಿರಲಿಲ್ಲ. ಅಟ್ಟದ ಮೇಲಿನ ಹಳೇ ಪೆಟ್ಟಿಗೆ ಹಾಗೆ ಅದೂ ಒಂದು ಇತ್ತು, ಅಷ್ಟೆ.

ನಾನು ಡಿಗ್ರಿ ಓದುವಾಗ ಕಾಲೇಜಿನ ನಾಟಕ ತಂಡದಲ್ಲಿದ್ದೆ. ನಟನೆ ಅಂದ್ರೆ ಏನು ಅಂತ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಕಾಲ ಅದು. ಒಂದು ಅಕ್ಟೋಬರ್ ರಜೆಯಲ್ಲಿ ರಿಚರ್ಡ್ ಅಟೆನ್‌ಬರೋ 1982ರಲ್ಲಿ ಮಾಡಿದ ‘ಗಾಂಧಿ’ಯ ಸಿಡಿ ಬಾಡಿಗೆಗೆ ತಂದೆ. ಬೆನ್ ಕಿಂಗ್ಸ್ಲಿಗೆ ಆಸ್ಕರ್ ಕೊಟ್ಟ ಸಿನಿಮಾ. ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡು ಕೂತೆ. ನಡಿಗೆ, ದನಿ, ಕಣ್ಣು ಅಂತ ಗೆರೆ ಎಳೆದು ಅಂಕ ಹಾಕುವ ಪ್ಲಾನು. ಅಜ್ಜಿ ಹೂಬತ್ತಿ ಹೊಸೆಯುತ್ತಾ ಪಕ್ಕದಲ್ಲಿ ಕೂತರು. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ.

ಅಜ್ಜಿ ಯಕ್ಷಗಾನದವರು. ಅಂದ್ರೆ ಮೇಳದವರಲ್ಲ, ಚಾಪೆ ಹಾಕಿಕೊಂಡು ಬೆಳಗಿನ ತನಕ ಆಟ ನೋಡುವವರು. ವೇಷ ಒಪ್ಪುತ್ತದೆ, ಮಾತು ಸಾಲದು, ಕುಣಿತ ಜಾಸ್ತಿಯಾಯಿತು ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು. ಆದರೆ ಕರ್ಣ ನಿಜಕ್ಕೂ ಹೀಗೇ ಇದ್ದನಾ ಅಂತ ಆಟದಲ್ಲಿ ಯಾರೂ ಕೇಳುವುದಿಲ್ಲವಲ್ಲ. ಕರ್ಣನನ್ನು ಕಂಡವರು ಯಾರಿದ್ದಾರೆ? ಗಾಂಧಿಯನ್ನು ಕಂಡವರು ಮಾತ್ರ ನನ್ನ ಪಕ್ಕದಲ್ಲೇ ಬತ್ತಿ ಹೊಸೆಯುತ್ತಿದ್ದರು. ಅದು ನನ್ನ ತಲೆಗೆ ಹೊಳೆಯಲು ಅರ್ಧ ಸಿನಿಮಾ ಬೇಕಾಯಿತು.

ಮೊದಲ ಭಾಗದಲ್ಲಿ ಒಂದು ದೃಶ್ಯ ಇದೆ. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರು ಇಟ್ಟುಕೊಳ್ಳಲೇಬೇಕಾದ ಪಾಸುಗಳನ್ನು ಗಾಂಧಿ ಬೆಂಕಿಗೆ ಹಾಕುತ್ತಾರೆ. ಪೊಲೀಸ್ ಹೊಡೆಯುತ್ತಾನೆ. ಬಿದ್ದವರು ಕೈ ಚಾಚಿ ಇನ್ನೊಂದು ಪಾಸು ಹಾಕುತ್ತಾರೆ. ಮತ್ತೆ ಏಟು. ಕಿಂಗ್ಸ್ಲಿ ಇಲ್ಲಿ ಮುಖದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಎಲ್ಲವೂ ಆ ಕೈಯಲ್ಲಿದೆ. ನಡುಗುತ್ತದೆ, ಹಿಂಜರಿಯುತ್ತದೆ, ಆದರೂ ಬೆಂಕಿಯ ಕಡೆಗೇ ಹೋಗುತ್ತದೆ. ಹೆದರಿಕೆ ಇಲ್ಲದವನ ಕೈ ಅಲ್ಲ ಅದು. ಹೆದರಿದವನ ಕೈ. ಅದಕ್ಕೇ ನನಗೆ ಈ ನಟ ದೊಡ್ಡವನು ಅನ್ನಿಸಿದ್ದು. ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಹತ್ತು ಹಾಕಿದೆ. ಅಜ್ಜಿಯ ಬತ್ತಿಯೂ ಆಗ ನಿಂತಿತ್ತು. “ಪಾಪ” ಅಂದರು. ಗಾಂಧಿಗೋ, ನಟನಿಗೋ ಗೊತ್ತಾಗಲಿಲ್ಲ.

ಆಮೇಲೆ ಅಜ್ಜಿ ಮಾತೇ ಆಡಲಿಲ್ಲ. ಉಪ್ಪಿನ ಸತ್ಯಾಗ್ರಹ ಬಂತು, ಹೋಯಿತು. ಸಿನಿಮಾ ಮೂರು ಗಂಟೆಗೂ ಜಾಸ್ತಿ. ಕೊನೆಯ ಸಿಡಿ ಹಾಕುವಾಗ ತಡೆಯಲಾಗದೆ ಕೇಳಿದೆ, “ಹೇಗಿದೆ ಅಜ್ಜಿ? ಹೀಗೇ ಇದ್ರಾ?”

“ವೇಷ ಒಪ್ಪುತ್ತದೆ” ಅಂದರು.

“ದನಿ?”

“ದನಿ ನಮಗೆ ಎಲ್ಲಿ ಕೇಳಿತು ಮಾರಾಯ? ಅಜ್ಜರಕಾಡು ಮೈದಾನ ತುಂಬ ಜನ.”

ನಿಜವಾದ ದನಿಯನ್ನು ನಾನು ಕೇಳಿದ್ದು ಎಷ್ಟೋ ವರ್ಷದ ನಂತರ. 1931ರಲ್ಲಿ ದುಂಡುಮೇಜಿನ ಸಭೆಗೆ ಲಂಡನ್ನಿಗೆ ಹೋದಾಗ ರೆಕಾರ್ಡ್ ಮಾಡಿದ್ದು. ಚಪ್ಪಟೆ ದನಿ, ಏರಿಳಿತ ಕಡಿಮೆ, ಮಗ್ಗಿ ಒಪ್ಪಿಸುವ ಹಾಗೆ ಓದುತ್ತಾರೆ. ಕಿಂಗ್ಸ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ ಪಳಗಿದವನು. ಅವನ ಬಾಯಲ್ಲಿ ಅದೇ ಗಾಂಧಿ ಎಷ್ಟು ಚೆಂದ ಮಾತಾಡುತ್ತಾರೆ! (ಲಂಡನ್ನಿನಲ್ಲಿ ಗಾಂಧಿ ಉಳಿದುಕೊಂಡಿದ್ದ ಕಟ್ಟಡದ ಹೆಸರು ಕಿಂಗ್ಸ್ಲಿ ಹಾಲ್. ನಟನಿಗೂ ಅದಕ್ಕೂ ಸಂಬಂಧ ಇಲ್ಲ. ಅವನ ಹುಟ್ಟು ಹೆಸರು ಕೃಷ್ಣ ಭಾನ್‌ಜಿ, ತಂದೆಯ ಕಡೆಯವರು ಗುಜರಾತಿಗಳು.) ಇಂಥ ಚೆಂದದ ದನಿಗೆ ಜನ ಬರುವುದು ಸರಿ. ಚಪ್ಪಟೆ ದನಿಗೂ ಲಕ್ಷ ಜನ ಯಾಕೆ ಬರುತ್ತಿದ್ದರು ಅನ್ನುವುದೇ ಅಲ್ವಾ ನಿಜವಾದ ಪ್ರಶ್ನೆ? ಸಿನಿಮಾ ಅದನ್ನು ಮುಟ್ಟುವುದಿಲ್ಲ. ಆದರೆ ಆವತ್ತು ನನ್ನ ನೋಟ್‌ಬುಕ್ಕಿನಲ್ಲಿ ದನಿಗೆ ಒಂಬತ್ತು ಬಿದ್ದಿತ್ತು.

“ಇವನಿಗೆ ಕುಶಾಲು ಇಲ್ಲ” ಅಂದರು ಅಜ್ಜಿ.

ನಾನು ವಾದ ಮಾಡಿದೆ. ಅಮೆರಿಕದ ಫೋಟೋಗ್ರಾಫರ್ ಮಾರ್ಗರೆಟ್ ಬರ್ಕ್-ವೈಟ್ ಜೊತೆ ನಗುತ್ತಾರಲ್ಲ, ನೋಡಲಿಲ್ಲವಾ ಅಂದೆ.

“ಅದು ನಗೆ. ನಾನು ಹೇಳಿದ್ದು ಕುಶಾಲು. ಅವರದ್ದು ಸಂತೆಯವರ ಕುಶಾಲು. ಹೆಣ್ಣುಮಕ್ಕಳ ಹತ್ತಿರ ಬಂದು ಕೈ ಚಾಚೋದು. ಬಳೆ ಕೊಡು, ಉಂಗುರ ಕೊಡು ಅಂತ. ಕೊಟ್ಟರೆ ಇನ್ನೊಂದು ಕೈದೂ ಕೊಡು ಅಂತ.”

ಇದು ಸುಮ್ನೆ ಹೇಳಿದ ಮಾತಲ್ಲ ಅಂತ ಆಮೇಲೆ ಓದಿ ತಿಳಿದೆ. ಆ ಪ್ರವಾಸದಲ್ಲಿ ಗಾಂಧಿ ತಮಗೆ ಕೊಟ್ಟ ಮಾನಪತ್ರಗಳನ್ನೇ ಸಭೆಯಲ್ಲಿ ಹರಾಜು ಹಾಕುತ್ತಿದ್ದರು. ಹಸ್ತಾಕ್ಷರಕ್ಕೂ ದುಡ್ಡು ವಸೂಲಿ. ಹೆಂಗಸರ ಮೈಮೇಲಿನ ಒಡವೆಯ ಮೇಲೆ ಅವರಿಗೆ ಯಾವಾಗಲೂ ಕಣ್ಣು. ಎಷ್ಟಾದರೂ ವ್ಯಾಪಾರಿ ಜಾತಿಯಲ್ಲಿ ಹುಟ್ಟಿದ ಮನುಷ್ಯ. ಅಟೆನ್‌ಬರೋನ ಗಾಂಧಿ ಎಲ್ಲವನ್ನೂ ಬಿಡುತ್ತಾರೆ, ಕೊಡುತ್ತಾರೆ. ಹೊಳೆಯ ಹತ್ತಿರ ಬಡ ಹೆಂಗಸಿಗೆ ತಮ್ಮ ಬಟ್ಟೆಯನ್ನೇ ನೀರಿನಲ್ಲಿ ತೇಲಿಬಿಡುತ್ತಾರೆ. ಆದರೆ ಕೇಳುವುದಿಲ್ಲ. ಪೀಡಿಸುವುದಿಲ್ಲ. ತಪ್ಪು ನಟನದ್ದಲ್ಲ, ಅವನಿಗೆ ಬರೆದುಕೊಟ್ಟದ್ದೇ ಅಷ್ಟು.

“ನೀವು ಏನು ಕೊಟ್ರಿ?” ಅಂತ ಕೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯಿಂದ ಹೊರಡುವಾಗಲೇ ಅಮ್ಮ ಹೇಳಿದ್ದರಂತೆ, ಬಳೆ ಕೇಳಿದರೆ ಕೊಡಬಾರದು ಅಂತ. ಗಾಂಧಿ ಎದುರಿಗೆ ಬಂದಾಗ ಅಜ್ಜಿ ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡರು. ಅವರು ಬಗ್ಗಿ ಬೆನ್ನ ಹಿಂದೆ ಇಣುಕಿದರು. ಬೊಚ್ಚು ಬಾಯಲ್ಲಿ ನಕ್ಕರು. ಪಕ್ಕದ ಹುಡುಗಿಯ ಕಡೆ ಹೋದರು. ಅಷ್ಟೇ.

ಹೇಳುವಾಗ ಅಜ್ಜಿಯ ಕೈ ತಾನಾಗಿ ಬೆನ್ನ ಹಿಂದೆ ಹೋಗಿತ್ತು, ಬತ್ತಿ ಸಮೇತ.

ಸಿನಿಮಾ ಮುಗಿಯಿತು. ಅಂತ್ಯಯಾತ್ರೆಯ ದೃಶ್ಯಕ್ಕೆ ಮೂರು ಲಕ್ಷ ಜನ ಸೇರಿದ್ದರು ಅಂತ ನಾನು ಅಜ್ಜಿಗೆ ವಿವರಿಸಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಾನು ನೋಟ್‌ಬುಕ್ ತೆಗೆದೆ.

“ಒಟ್ಟು ನೂರಕ್ಕೆ ಎಷ್ಟು ಕೊಡ್ತೀರಿ ಅಜ್ಜಿ?”

“ಎಂತ ಕೊಡೋದು? ಇವ ಕೇಳಲೇ ಇಲ್ವಲ್ಲ” ಅಂದರು. ಬತ್ತಿಯ ತಟ್ಟೆ ಎತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು, “ಕೇಳಿದ್ರೆ ಈ ಸಲ ಕೊಡ್ತಿದ್ದೆ” ಅಂದು ಒಳಗೆ ಹೋದರು.