ತುಮಕೂರಿನಲ್ಲಿ ಒಂದೆರಡು ತಿಂಗಳಿಗೆ ಫ್ಲಾಟ್: ಮೊದಲು ನಲ್ಲಿ ತಿರುಗಿಸಿ

ವಸಂತನರಸಾಪುರದ ಕಾರ್ಖಾನೆಗಳಿಗೆ ಯಂತ್ರ ಕೂರಿಸಲು ಬರುವವರು, ಗುಬ್ಬಿ ತಾಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಘಟಕದ ಕೆಲಸಕ್ಕೆ ಬರುವವರು, ಮಕ್ಕಳನ್ನು ಕಾಲೇಜಿಗೆ ಸೇರಿಸಿ ಸ್ವಲ್ಪ ದಿನ ಜೊತೆಗಿರುವ ಅಪ್ಪ-ಅಮ್ಮ ಇಲ್ಲಿ ಸಜ್ಜಾದ ಫ್ಲಾಟ್ ಹುಡುಕುತ್ತಾರೆ. ಫೋಟೊದಲ್ಲಿ ಸೋಫಾ, ಟಿವಿ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಆದರೆ ಇಲ್ಲಿ ಐಷಾರಾಮವನ್ನು ತೀರ್ಮಾನಿಸುವುದು ನೀರು, ಆಮೇಲೆ ಕರೆಂಟು.

ಮನೆ ನೋಡಲು ಹೋದಾಗ ಮೊದಲು ಶವರ್ ನೋಡಿ. ತೂತುಗಳ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಗಡಸು ಬೋರ್‌ವೆಲ್ ನೀರು ಬರುತ್ತಿದೆ ಎಂದರ್ಥ. ಅದೇ ಉಪ್ಪು ಗೀಸರಿನ ಕಾಯಿಲ್ ಮೇಲೂ ಕೂರುತ್ತದೆ. ನೀರು ಕಾಯುವುದು ನಿಧಾನವಾಗುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಹೇಮಾವತಿ ನೀರು ಬರುತ್ತದೆ ಎಂದರೆ ವಾರಕ್ಕೆ ಎಷ್ಟು ಸಲ, ಸಂಪು ಎಷ್ಟು ಲೀಟರಿನದು ಎಂದೂ ಕೇಳಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ಮೂವರಿಗೆ ಸುಮಾರು 400 ಲೀಟರ್ ಬೇಕು. ಬಾತ್‌ಟಬ್ ತುಂಬಲು ಅದರ ಅರ್ಧದಷ್ಟು ನೀರು ಹೋಗುತ್ತದೆ. ಅದಕ್ಕಾಗಿ ಹೆಚ್ಚು ಬಾಡಿಗೆ ಕೊಡಬೇಡಿ.

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಅಗ್ಗದ ಟಿಡಿಎಸ್ ಮೀಟರ್ ಜೊತೆಗಿರಲಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ನಲ್ಲಿಯ ನೀರನ್ನೂ, ನೀರು ಶುದ್ಧಿ ಮಾಡುವ ಆರ್‌ಒ ಯಂತ್ರದಿಂದ ಬರುವ ನೀರನ್ನೂ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಬಂದರೆ ಯಂತ್ರದೊಳಗೆ ನೀರು ಸೋಸುವ ಮೆಂಬ್ರೇನ್ ಕೆಟ್ಟಿದೆ, ಬದಲಿಸಿಯೇ ಕೀಲಿ ಕೊಡಲಿ. ಜಿಲ್ಲೆಯ ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಇದೆ. ಅದು ಈ ಮೀಟರಿಗೆ ಬೇರೆಯಾಗಿ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಕೂಡ ತೆಗೆಯುವುದಿಲ್ಲ. ಮಕ್ಕಳಿದ್ದರೆ ಆರ್‌ಒ ಇಲ್ಲದ ಮನೆ ಬೇಡವೇ ಬೇಡ.

ಇನ್ನು ಕರೆಂಟು. ಬೆಸ್ಕಾಂ ಬಿಲ್ ಕೇಳಿ ಪಡೆದು ಮಂಜೂರಾದ ಲೋಡ್ (ಮನೆ ಒಟ್ಟಿಗೆ ಎಳೆಯಬಹುದಾದ ಕರೆಂಟು) ಎಷ್ಟೆಂದು ಓದಿ. ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಒಂದೂವರೆ ಟನ್ ಎಸಿ ಸುಮಾರು 1.5. ಮೂರೂ ಒಟ್ಟಿಗೆ ನಡೆದರೆ 5.5 ಆಯಿತು. ಲೋಡ್ 3 ಕಿಲೋವ್ಯಾಟ್ ಇರುವ ಮನೆಯಲ್ಲಿ ಬೆಳಗಿನ ಹೊತ್ತು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುವುದು ಇದಕ್ಕೇ. 'ಫುಲ್ ಪವರ್ ಬ್ಯಾಕಪ್' ಎಂದರೂ ಎಷ್ಟೋ ಕಡೆ ಜನರೇಟರ್ ಎಳೆಯುವುದು ಲಿಫ್ಟು, ಲೈಟು, ಫ್ಯಾನು ಮಾತ್ರ. ಮೇನ್ ಆಫ್ ಮಾಡಿಸಿ, ಯಾವ ಪಾಯಿಂಟ್ ಉಳಿಯುತ್ತದೆ ಎಂದು ಕಣ್ಣಾರೆ ನೋಡಿ.

ಜಾಗದ ವಿಷಯ ಸರಳ: ಕೆಲಸ ಇರುವ ದಿಕ್ಕಿನಲ್ಲೇ ಮನೆ ಹಿಡಿಯಿರಿ, ದಿನಾ ಊರಿನ ಮುಖ್ಯ ರಸ್ತೆಯಾದ ಬಿ.ಎಚ್. ರಸ್ತೆ ದಾಟುವುದು ತಪ್ಪುತ್ತದೆ.

ಮಾಲೀಕರು ಒಪ್ಪಿದರೂ ಅಪಾರ್ಟ್‌ಮೆಂಟ್ ಸಂಘ ಒಪ್ಪಿರಬೇಕು. ಎಷ್ಟೋ ಸಂಘಗಳು ಅಲ್ಪಾವಧಿ ಬಾಡಿಗೆಗೆ ಬಿಡುವುದಿಲ್ಲ. ರಾತ್ರಿ ಸೂಟ್‌ಕೇಸ್ ಹಿಡಿದು ಬಂದವರನ್ನು ಗೇಟಿನಲ್ಲೇ ತಡೆಯುತ್ತಾರೆ. ಸಂಘದ ಒಪ್ಪಿಗೆ ಬರಹದಲ್ಲಿರಲಿ. ಕಂಪನಿ ಹೆಸರಿನಲ್ಲಿ ವಾಸದ ಮನೆ ಹಿಡಿದರೆ, ಕಂಪನಿಗೆ ಜಿಎಸ್‌ಟಿ ನೋಂದಣಿ ಇದ್ದಲ್ಲಿ ಬಾಡಿಗೆಯ ಮೇಲೆ 18% ಜಿಎಸ್‌ಟಿಯನ್ನು ಕಂಪನಿಯೇ ಕಟ್ಟಬೇಕು. ಬಜೆಟ್ ಹಾಕುವಾಗ ಇದನ್ನು ಸೇರಿಸಿ.

ಕೀಲಿ ತೆಗೆದುಕೊಂಡ ದಿನವೇ ಮೀಟರ್ ರೀಡಿಂಗ್, ಗೋಡೆ, ಹಾಸಿಗೆ, ಗಾಜು ಎಲ್ಲವನ್ನೂ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸ್‌ಆಪ್ ಮಾಡಿಬಿಡಿ. ಶಿವರಾತ್ರಿಯ ಆಸುಪಾಸಿನಲ್ಲಿ ಸಿದ್ಧಗಂಗೆ ಜಾತ್ರೆ ಇರುತ್ತದೆ. ಆಗ ಮಠದ ಹತ್ತಿರದ ಕ್ಯಾತ್ಸಂದ್ರದ ಕಡೆ ಮನೆ ಬೇಕಿದ್ದರೆ ತಿಂಗಳ ಮುಂಚೆಯೇ ಮಾತಾಡಿ ಮುಂಗಡ ಕೊಡಿ.