ನಾಲ್ಕು ದೊಡ್ಡ ಮೈಕುಗಳನ್ನು ಕೊಂಡ ಮೇಲೆ ಕಲಿತದ್ದು

"ನಲವತ್ತು ಜನ ಹಾಡಿದ್ದಾರೆ. ನನಗೆ ಕೇಳಿಸುತ್ತಿರುವುದು ಐದೇ ಜನ," ಎಂದರು ಗಾಯಕವೃಂದದ ನಿರ್ದೇಶಕಿ, ಹೆಡ್‌ಫೋನ್ ಕಳಚುತ್ತ. ಸ್ವಲ್ಪ ಹೊತ್ತು ಬಿಟ್ಟು, "ಆ ಐವರಲ್ಲಿ ಒಬ್ಬಳಿಗೆ ನೆಗಡಿಯಾಗಿದೆ," ಎಂದೂ ಸೇರಿಸಿದರು.

ಧ್ವನಿಮುದ್ರಣದ ಕೆಲಸ ಹಿಡಿದು ಆಗ ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ಮಾಡಿದ್ದೆಲ್ಲ ಒಂದು ಬಾಯಿಗೆ ಒಂದು ಮೈಕು ಎನ್ನುವ ಲೆಕ್ಕದ ಕೆಲಸ: ಸಂದರ್ಶನ, ವಾಚನ, ಒಬ್ಬರೇ ಹಾಡುವ ಹಾಡು. ವೃಂದದ ಕೆಲಸ ಬಂದಾಗ ಅದೇ ಲೆಕ್ಕವನ್ನು ನಾಲ್ಕರಿಂದ ಗುಣಿಸಿದೆ. ಕೈಯಲ್ಲಿದ್ದ ಹಣಕ್ಕೆ ದೊಡ್ಡ ಡಯಾಫ್ರಾಮಿನ (ಧ್ವನಿಗೆ ಅದುರುವ ತೆಳುಪೊರೆಯ) ಅಗ್ಗದ ಕಂಡೆನ್ಸರ್ ಮೈಕುಗಳು ನಾಲ್ಕು ಬಂದವು. ಎತ್ತರದ ಸ್ವರದಿಂದ ತಗ್ಗಿನ ಸ್ವರದವರೆಗಿನ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಗುಂಪುಗಳಿಗೆ ಒಂದೊಂದರಂತೆ, ಮುಂದಿನ ಸಾಲಿನಿಂದ ಒಂದು ಮೀಟರ್ ದೂರದಲ್ಲಿ, ಬಾಯಿಯ ಎತ್ತರಕ್ಕೆ ನಿಲ್ಲಿಸಿದೆ. ಜಾಲರಿಯ ಹಿಂದೆ ಚಿನ್ನದ ಬಣ್ಣದ ಡಯಾಫ್ರಾಮ್ ಹೊಳೆಯುತ್ತಿತ್ತು. ಚಿತ್ರ ತೆಗೆಸಿಕೊಳ್ಳಲು ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿರಲಿಲ್ಲ.

ಐದೇ ಜನ ಏಕೆ ಕೇಳಿಸಿದರು ಎನ್ನುವುದಕ್ಕೆ ಉತ್ತರ ಅಳತೆಪಟ್ಟಿಯಲ್ಲೇ ಇತ್ತು. ಮುಂದಿನ ಸಾಲಿಗೆ 1 ಮೀಟರ್, ಹಿಂದಿನ ಸಾಲಿಗೆ 3 ಮೀಟರ್. ದೂರ ಮೂರು ಪಟ್ಟಾದರೆ ನೇರವಾಗಿ ಬರುವ ಧ್ವನಿ ಸುಮಾರು 9.5 ಡೆಸಿಬಲ್ ಇಳಿಯುತ್ತದೆ. ಹಿಂದಿನವರು ಎಷ್ಟೇ ಎದೆತುಂಬಿ ಹಾಡಿದರೂ ಮೈಕಿನ ಮುಂದೆ ನಿಂತವರದೇ ಕಛೇರಿ. ಇದು ನನ್ನ ತಪ್ಪು, ಮೈಕಿನದಲ್ಲ.

ಮೈಕಿನದು ಬೇರೆಯೇ ಇತ್ತು. ಸಾಲಿನ ಕೊನೆಯಲ್ಲಿ 'ಸ್' ಬಂದಾಗಲೆಲ್ಲ ನಲವತ್ತು ಜನ ನಲವತ್ತು ಕ್ಷಣಗಳಲ್ಲಿ ಅದನ್ನು ಮುಗಿಸುತ್ತಾರೆ. ಸಭಾಂಗಣದಲ್ಲಿ ಕುಳಿತವರಿಗೆ ಅದು ತಿಳಿಯುವುದಿಲ್ಲ. ನನ್ನ ಮುದ್ರಣದಲ್ಲಿ ಮಾತ್ರ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಚುರ್ ಎನ್ನುತ್ತಿತ್ತು. ಒಬ್ಬರ ಧ್ವನಿ 'ಮುಂದೆ ಬರಲಿ' ಎಂದು ಈ ಬಗೆಯ ಅನೇಕ ಮೈಕುಗಳಲ್ಲಿ ಮೇಲಿನ ಕಂಪನಾಂಕಗಳನ್ನು ಬೇಕೆಂದೇ ಎತ್ತಿರುತ್ತಾರೆ. ಒಂಟಿ ಗಾಯಕರಿಗೆ ಅದು ಹೊಳಪು, ವೃಂದಕ್ಕೆ ಶಿಕ್ಷೆ.

ಅದಕ್ಕಿಂತ ಮುಖ್ಯವಾದದ್ದು ನನಗೆ ಅರ್ಥವಾಗಲು ಇನ್ನೂ ಆರು ತಿಂಗಳು ಬೇಕಾಯಿತು. 10,000 ಹರ್ಟ್ಸ್ ಧ್ವನಿಯ ತರಂಗಾಂತರ ಸುಮಾರು 3.4 ಸೆಂಟಿಮೀಟರ್. ದೊಡ್ಡ ಡಯಾಫ್ರಾಮಿನ ಅಗಲ ಸುಮಾರು ಎರಡೂವರೆ ಸೆಂಟಿಮೀಟರ್. ಎರಡೂ ಹತ್ತಿರ ಹತ್ತಿರ ಬಂದಾಗ ಓರೆಯಿಂದ ಬರುವ ಅಲೆ ಡಯಾಫ್ರಾಮಿನ ಒಂದು ಅಂಚನ್ನು ತಳ್ಳುವ ಹೊತ್ತಿಗೆ ಇನ್ನೊಂದು ಅಂಚನ್ನು ಎಳೆಯುತ್ತಿರುತ್ತದೆ. ಹಾಗಾಗಿ ಎದುರಿನಿಂದ ಬಂದ ಧ್ವನಿಗೆ ಒಂದು ಬಣ್ಣ, ಪಕ್ಕದಿಂದ ಬಂದದ್ದಕ್ಕೆ ಇನ್ನೊಂದು. ಒಬ್ಬರೇ ಎದುರು ನಿಂತು ಹಾಡಿದರೆ ಈ ದೋಷ ಬಯಲಾಗುವುದೇ ಇಲ್ಲ. ವೃಂದದಲ್ಲಿ ಹೆಚ್ಚಿನವರು ಮೈಕಿಗೆ ಓರೆಯಾಗಿಯೇ ನಿಂತಿರುತ್ತಾರೆ, ಗೋಡೆಗಳಿಂದ ಮರಳುವ ಅನುರಣನ ಎಲ್ಲ ಕಡೆಯಿಂದ ಬರುತ್ತದೆ. ನಾನು ಕೊಂಡದ್ದು ಎದುರಿಗೆ ಮಾತ್ರ ಒಳ್ಳೆಯವರಾಗಿರುವ ನಾಲ್ಕು ಜನರನ್ನು.

ಸಣ್ಣ ಡಯಾಫ್ರಾಮಿನ, ಪೆನ್ಸಿಲಿನಂಥ ಮೈಕುಗಳು ಇಲ್ಲಿ ಗೆಲ್ಲುವುದು ಇದೇ ಕಾರಣಕ್ಕೆ. ಅಗ್ಗದ ದರ್ಜೆಯಲ್ಲೂ ಅವುಗಳ ಪಕ್ಕದ ಕಿವಿ ಸಾಮಾನ್ಯವಾಗಿ ಹೆಚ್ಚು ಪ್ರಾಮಾಣಿಕ. ಲೈನ್ ಆಡಿಯೋ ಸಿಎಂ4 ನನಗೆ ಬಹಳ ಇಷ್ಟವಾದ ಮೈಕು. ಅದು ವೈಡ್ ಕಾರ್ಡಿಯಾಯ್ಡ್, ಅಂದರೆ ಪಕ್ಕದವರನ್ನು ಪೂರ್ತಿ ದೂರ ತಳ್ಳದೆ ಸೇರಿಸಿಕೊಳ್ಳುವ ಜಾತಿ. ರೋಡ್ ಎನ್‌ಟಿ5 ಸಾಮಾನ್ಯ ಕಾರ್ಡಿಯಾಯ್ಡ್, ಅಂದರೆ ಎದುರಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ ಬಗೆ; ಹೊಂದಿಸಿದ ಜೋಡಿಯಾಗಿಯೂ ಸಿಗುತ್ತದೆ. ಒಕ್ಟಾವಾ ಎಂಕೆ-012 ಮೈಕಿಗೆ ಕ್ಯಾಪ್ಸೂಲ್ (ಧ್ವನಿ ಹಿಡಿಯುವ ತಲೆಭಾಗ) ಬಿಚ್ಚಿ ಬದಲಾಯಿಸಬಹುದು. ವಾದ್ಯವೃಂದದ ಕೆಲಸವೂ ಬರುವವರಿಗೆ ಅದು ದೊಡ್ಡ ಅನುಕೂಲ. ಏಕೆಂದರೆ ಕಾರ್ಡಿಯಾಯ್ಡ್ ಮೈಕು ದೂರ ಸರಿದಷ್ಟೂ ಕೆಳಸ್ವರ ಸೊರಗುತ್ತದೆ. ಡಬಲ್ ಬಾಸ್ ಮತ್ತು ಟಿಂಪನಿ ನಗಾರಿಗಳ ತೂಕ ಬೇಕೆಂದರೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಕೇಳುವ ಓಮ್ನಿ ಕ್ಯಾಪ್ಸೂಲೇ ಸರಿ. ಆದರೆ ಓಮ್ನಿ ಸಭಾಂಗಣದ ಗುಣವನ್ನೂ ಅವಗುಣವನ್ನೂ ಹಾಗೆಯೇ ಹೇಳಿಬಿಡುತ್ತದೆ. ಪ್ರತಿಧ್ವನಿ ಕೆಟ್ಟದಾಗಿರುವ ಕಡೆ ಅದನ್ನು ಒಯ್ಯುವುದು ಚಾಡಿಕೋರನನ್ನು ಪಂಚಾಯಿತಿಗೆ ಕರೆದೊಯ್ದಂತೆ.

ಮೈಕಿನ ಸ್ವಂತ ಸದ್ದಿನ ಬಗ್ಗೆ, ಅಂದರೆ ಮೈಕೇ ಹುಟ್ಟಿಸುವ ಸುಯ್ ಸದ್ದಿನ ಬಗ್ಗೆ, ಹೊಸಬರು ಅನಗತ್ಯವಾಗಿ ಹೆದರುತ್ತಾರೆ. ನಾನೂ ಹೆದರಿದ್ದೆ. ನಾಲ್ಕು ದೊಡ್ಡ ಮೈಕುಗಳನ್ನು ಕೊಳ್ಳಲು ಅದೂ ಒಂದು ನೆಪವಾಗಿತ್ತು, ಅವುಗಳ ಅಂಕಿ ನಿಜಕ್ಕೂ ಕಡಿಮೆ. ಎನ್‌ಟಿ5ಕ್ಕೆ ತಯಾರಕರು ಕೊಡುವ ಅಂಕಿ 16 ಡಿಬಿ-ಎ (ಕಿವಿಗೆ ಕೇಳಿಸುವಂತೆ ತೂಗಿದ ಡೆಸಿಬಲ್). ಆದರೆ ನಾನು ಕೆಲಸ ಮಾಡುವ ಖಾಲಿ ಸಭಾಂಗಣಗಳಲ್ಲಿ, ಎಸಿ ನಿಲ್ಲಿಸಿದ ಮೇಲೂ, ಮೀಟರ್ 25ಕ್ಕಿಂತ ಕೆಳಗೆ ಇಳಿದದ್ದು ಅಪರೂಪ. ಕೋಣೆಯ ಸದ್ದೇ ಮೈಕಿನ ಸದ್ದನ್ನು ನುಂಗಿಹಾಕುತ್ತದೆ. ಇಪ್ಪತ್ತು ದಾಟಿದರೆ ಮಾತ್ರ ಯೋಚಿಸಿ, ಮುಖ್ಯವಾಗಿ ಧ್ವನಿ ಅಳೆಯಲೆಂದೇ ಮಾಡಿದ ಅಗ್ಗದ ಮೈಕುಗಳ ವಿಷಯದಲ್ಲಿ. ಅವು ಓಮ್ನಿ, ಅಗ್ಗ, ಎಲ್ಲ ಸ್ವರಗಳಿಗೂ ಒಂದೇ ಸಮ ಎನ್ನುವ ನೇರ ಗೆರೆಯಂಥ ನಕ್ಷೆ ಎಂದು ಆಸೆ ಹುಟ್ಟಿಸುತ್ತವೆ. ವೃಂದ ಪಿಸುಧ್ವನಿಗೆ ಇಳಿದಾಗ ಹಿಂದಿನಿಂದ ಸುಯ್ ಎನ್ನುವ ಸದ್ದು ಎದ್ದು ನಿಲ್ಲುತ್ತದೆ. ಮೈಕಿನ ಕೆಲವು ವಿವರಪಟ್ಟಿಗಳಲ್ಲಿ ಸ್ವಂತ ಸದ್ದಿನ ಅಂಕಿಯ ಬದಲು 'ಸಿಗ್ನಲ್-ನಾಯ್ಸ್ ಅನುಪಾತ' ಇರುತ್ತದೆ. ಅದನ್ನು 94ರಿಂದ ಕಳೆಯಿರಿ: 78 ಎಂದಿದ್ದರೆ ಸ್ವಂತ ಸದ್ದು 16. ಗರಿಷ್ಠ ಎಷ್ಟು ಡೆಸಿಬಲ್ ತಡೆಯುತ್ತದೆ ಎಂಬ ಅಂಕಿಯನ್ನು ಈ ಕೆಲಸಕ್ಕೆ ನಾನು ಓದುವುದೇ ಇಲ್ಲ. ಮೂರು ಮೀಟರ್ ದೂರದಲ್ಲಿ ನಿಂತ ಮೈಕನ್ನು ಯಾವ ಗಾಯಕವೃಂದವೂ ಕಿವುಡಾಗಿಸುವುದಿಲ್ಲ.

ಈಗ ಕೊಳ್ಳುವ ಮೊದಲು ಪಟ್ಟಿಗಿಂತ ಕಿವಿಯನ್ನು ನಂಬುತ್ತೇನೆ. ಮೈಕಿನ ಸುತ್ತ ಒಂದೇ ಅಂತರ ಕಾಯ್ದುಕೊಂಡು, ಮಾತನಾಡುತ್ತ ಅರ್ಧ ಸುತ್ತು ನಡೆಯುತ್ತೇನೆ. ಪಕ್ಕಕ್ಕೆ ಬಂದಾಗ ಧ್ವನಿ ತಗ್ಗಬೇಕು, ಆದರೆ ಕಂಬಳಿ ಹೊದ್ದವರ ಮಾತಿನಂತೆ ಆಗಬಾರದು. ಜೋಡಿಯನ್ನು ಪರೀಕ್ಷಿಸಲು ಎರಡನ್ನೂ ತಲೆಗೆ ತಲೆ ತಾಗುವಂತೆ ನಿಲ್ಲಿಸಿ, ಒಂದರ ಪೊಲಾರಿಟಿ (ಸಂಕೇತದ ಧನ-ಋಣ) ತಿರುಗಿಸಿ, ಎರಡನ್ನೂ ಕೂಡಿಸಿ ಕೇಳುತ್ತೇನೆ. ಒಂದೇ ಬಗೆಯ ಮೈಕುಗಳಾದರೆ ನನ್ನ ಮಾತು ಹೆಚ್ಚುಕಡಿಮೆ ಮಾಯವಾಗಬೇಕು. ಒಮ್ಮೆ 'ಹೊಂದಿಸಿದ ಜೋಡಿ' ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದ ಎರಡು ಮೈಕುಗಳಲ್ಲಿ ಪ್ರತಿ ಪದವೂ ಸ್ಪಷ್ಟವಾಗಿ ಕೇಳಿಸಿತು. ಅಚ್ಚು ಹಾಕಿದವರು ಬಹುಶಃ ಪೆಟ್ಟಿಗೆಯ ಬಣ್ಣವನ್ನು ಹೊಂದಿಸಿದ್ದರು.

ನಾಲ್ಕು ಮೈಕುಗಳ ಇನ್ನೊಂದು ಪಾಪವನ್ನೂ ಒಪ್ಪಿಕೊಳ್ಳಬೇಕು. ಒಬ್ಬ ಗಾಯಕಿಯ ಧ್ವನಿ ಎರಡು ಮೈಕುಗಳಿಗೆ 34 ಸೆಂಟಿಮೀಟರ್ ವ್ಯತ್ಯಾಸದಲ್ಲಿ ತಲುಪಿದರೆ ಒಂದು ಮಿಲಿಸೆಕೆಂಡ್ ತಡ. ಅವೆರಡನ್ನು ಕೂಡಿಸಿದಾಗ 500, 1500, 2500 ಹರ್ಟ್ಸ್‌ಗಳಲ್ಲಿ ಒಂದನ್ನೊಂದು ಅಳಿಸಿ ಹಳ್ಳ ಬೀಳುತ್ತದೆ. ಅದು ಹಾಡಿನ ಜೀವ ಇರುವ ಜಾಗ. ನಿರ್ದೇಶಕಿ ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳಿದಾಗ ಆಲ್ಟೊ ಗುಂಪು ಕೊಳವೆಯೊಳಗಿಂದ ಹಾಡಿದಂತಿತ್ತು.

ಮುಂದಿನ ಸಲ ಎರಡೇ ಸಣ್ಣ ಮೈಕುಗಳನ್ನು ಒಯ್ದೆ. ಒಂದೇ ಅಡ್ಡಪಟ್ಟಿಯ ಮೇಲೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ: ಫ್ರಾನ್ಸಿನ ಹಿಂದಿನ ಪ್ರಸಾರ ಸಂಸ್ಥೆಯ ಹೆಸರು ಹೊತ್ತ ಒಆರ್‌ಟಿಎಫ್ ವಿಧಾನ. ಅದರ ಲೆಕ್ಕ ಕಾರ್ಡಿಯಾಯ್ಡಿಗೆ. ವೈಡ್ ಕಾರ್ಡಿಯಾಯ್ಡ್ ಆದರೆ ಅಂತರವನ್ನು ಇನ್ನೂ ಕೊಂಚ ಹಿಗ್ಗಿಸಬೇಕು. ಮುಂದಿನ ಸಾಲಿನಿಂದ ಮೂರು ಮೀಟರ್ ಹಿಂದೆ, ನೆಲದಿಂದ ಮೂರು ಮೀಟರ್ ಮೇಲೆ, ಮೂತಿ ಹಿಂದಿನ ಸಾಲಿನ ಕಡೆಗೆ. ಮುಂದಿನ ಮತ್ತು ಹಿಂದಿನ ಸಾಲುಗಳ ನಡುವಿನ ವ್ಯತ್ಯಾಸ ಒಂಬತ್ತೂವರೆಯಿಂದ ನಾಲ್ಕು ಡೆಸಿಬಲ್ಲಿಗೂ ಕಡಿಮೆಯಾಯಿತು. ಕಂಡೆನ್ಸರಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ತಂತಿಯಲ್ಲೇ ಹೋಗುವ ವಿದ್ಯುತ್) ಹಳೆಯ ಮಿಕ್ಸರಿನಿಂದಲೇ ಬಂತು. ಹೊಸದಾಗಿ ಖರ್ಚಾದದ್ದು ಎತ್ತರದ ಸ್ಟ್ಯಾಂಡಿಗೆ. ಅದರ ಕಾಲಿಗೆ ಮರಳಿನ ಚೀಲ ಕಟ್ಟುವುದನ್ನು ಮರೆಯಬೇಡಿ. ಕೆಳಗೆ ನಿಂತಿರುವವರು ಹಾಡುವವರು, ಹೆಲ್ಮೆಟ್ ಹಾಕಿಕೊಂಡವರಲ್ಲ.

ನಿರ್ದೇಶಕಿ ಪೂರ್ತಿ ಕೇಳಿ, ಮೂರನೆಯ ಹಾಡಿನ ಒಂದು ಜಾಗಕ್ಕೆ ಹಿಂದಿರುಗಿಸಲು ಹೇಳಿದರು. ಎರಡನೇ ಸಲ ಕೇಳಿ, "ಟೆನರ್‌ಗಳು ಇಲ್ಲಿ ಶ್ರುತಿ ಇಳಿಸಿದ್ದಾರೆ. ಹೋದ ಸಲವೂ ಇಳಿಸಿರಬೇಕು, ನಿಮ್ಮ ಮೈಕುಗಳು ಕಾಪಾಡಿದವು," ಎಂದರು.

ಆ ನಾಲ್ಕರಲ್ಲಿ ಎರಡನ್ನು ಮಾರಿದೆ, ಸ್ಟ್ಯಾಂಡಿನ ಅರ್ಧ ಹಣ ಅದರಿಂದಲೇ ಬಂತು. ಉಳಿದೆರಡು ಸಂದರ್ಶನಗಳಿಗೆ ಹೋಗುತ್ತವೆ. ಒಬ್ಬರೇ ಎದುರು ಕುಳಿತು ಮಾತನಾಡುವಾಗ ಅವುಗಳ ಮೇಲೆ ನನಗೆ ಯಾವ ದೂರೂ ಇಲ್ಲ.